ಹೂವೊಂದು ಉಳಿದ ಹೊಲ

(1/9)

ಫೋಟೋದಲ್ಲಿರೋ ಬಿಳಿ ಹೂವನ್ನ ಒಮ್ಮೆ ಸರಿಯಾಗಿ ನೋಡಿ. ಐದು ಎಸಳು, ನಡುವೆ ಹಳದಿ ಕೇಸರಗಳ ಗೊಂಚಲು. ಹೆಸರು ಫ್ರಾಂಕ್ಲಿನಿಯಾ. ನಾವು ದಿನಾ ಕುಡಿಯೋ ಚಹಾ ಇದೆಯಲ್ಲ, ಆ ಗಿಡದ ಕುಟುಂಬಕ್ಕೇ ಸೇರಿದ ಮರ ಇದು.

ಈ ಮರ ಇವತ್ತು ಜಗತ್ತಿನ ಯಾವ ಕಾಡಿನಲ್ಲೂ ಇಲ್ಲ. ಕಾಡಿನಲ್ಲಿ ಇದನ್ನ ಕೊನೇ ಸಲ ಕಂಡದ್ದು 1803ರಲ್ಲಿ. ಆಮೇಲೆ ಎಷ್ಟೋ ಜನ ಹುಡುಕಿಕೊಂಡು ಹೋದರು, ಯಾರಿಗೂ ಸಿಗಲಿಲ್ಲ. ಆದರೂ ಬೇರೆ ಬೇರೆ ದೇಶಗಳ ತೋಟಗಳಲ್ಲಿ ಇದು ಬೆಳೀತಿದೆ, ಹೂ ಬಿಡ್ತಿದೆ. ಅವೆಲ್ಲವೂ ಒಂದೇ ಮನೆಯವರು ತಂದು ಬಿತ್ತಿದ ಬೀಜದ ಸಂತತಿ.

ಆ ಮನೆ ಇರೋದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ, ಸ್ಕೂಲ್‌ಕಿಲ್ ಅನ್ನೋ ನದಿಯ ಪಶ್ಚಿಮ ದಂಡೆಯಲ್ಲಿ. ಒಂದು ಕಾಲದಲ್ಲಿ ಅದು ರೈತನ ಹೊಲ. ಈಗ ಊರಿನ ಎಲ್ಲರಿಗೂ ಸೇರಿದ ತೋಟ. ಒಳಗೆ ಹೋಗೋಕೆ ಟಿಕೆಟ್ ಇಲ್ಲ. ಹೆಸರು ಬಾರ್ಟ್ರಮ್ಸ್ ಗಾರ್ಡನ್.

ಹೊಲ ತೋಟವಾಗಿದ್ದು ಹೇಗೆ, ತೋಟ ಊರಿನದಾಗಿದ್ದು ಹೇಗೆ, ಈ ನಡುವೆ ಏನು ಉಳೀತು, ಏನು ಉಳೀಲಿಲ್ಲ? ಈ ಸರಣಿ ಅದರ ಬಗ್ಗೆ.

(2/9) ಹೊಲಕ್ಕೂ ಮೊದಲು

ಯಾವುದೇ ತೋಟದ ಇತಿಹಾಸವನ್ನ "ಇಂಥವರು ಇಂಥ ವರ್ಷ ಜಾಗ ಕೊಂಡರು" ಅಂತ ಶುರು ಮಾಡೋದು ಸುಲಭ. ಕೊಳ್ಳೋಕೂ ಮೊದಲು ಅಲ್ಲಿ ಯಾರಿದ್ದರು ಅನ್ನೋದೇ ಮೊದಲ ಪ್ರಶ್ನೆ ಆಗಬೇಕು.

ಇದು ಲೆನಾಪೆ ಜನರ ನೆಲ. ಈ ಭಾಗಕ್ಕೆ ಇವತ್ತಿಗೂ ಕಿಂಗ್ಸೆಸ್ಸಿಂಗ್ ಅನ್ನೋ ಹೆಸರಿದೆ. ಅದು ಲೆನಾಪೆ ಭಾಷೆಯ ಮಾತು. ಹುಲ್ಲುಗಾವಲಿರೋ ಜಾಗ ಅಂತ ಅದರ ಅರ್ಥ ಹೇಳ್ತಾರೆ. ಸಮುದ್ರದ ಭರತ-ಇಳಿತ ನದಿಯೊಳಗೆ ಇಲ್ಲೀವರೆಗೂ ಬರುತ್ತೆ. ಹಾಗಾಗಿ ದಂಡೆಯ ಉದ್ದಕ್ಕೂ ದಿನಕ್ಕೆ ಎರಡು ಸಲ ನೀರು ಏರಿ ಇಳಿಯೋ ಜೌಗು, ಅದರಲ್ಲಿ ಸೊಂಪಾದ ಹುಲ್ಲು. ಹೆಸರು ಇಟ್ಟವರು ನೆಲವನ್ನ ಸರಿಯಾಗಿ ನೋಡಿಯೇ ಇಟ್ಟಿದ್ದಾರೆ.

1638ರಲ್ಲಿ ಸ್ವೀಡನ್‌ನವರು ಈ ಕಡೆ ವಸಾಹತು ಹೂಡಿದರು. 1655ರಲ್ಲಿ ಡಚ್ಚರು ಅದನ್ನ ಕಿತ್ತುಕೊಂಡರು. 1664ರಲ್ಲಿ ಇಂಗ್ಲಿಷರು ಡಚ್ಚರಿಂದ ಕಿತ್ತುಕೊಂಡರು. ಸ್ಕೂಲ್‌ಕಿಲ್ ಅನ್ನೋ ಹೆಸರು ಡಚ್ಚರದು, ಅಡಗಿದ ಹೊಳೆ ಅಂತ. ಒಂದೇ ನದಿದಂಡೆಗೆ ಇಪ್ಪತ್ತಾರು ವರ್ಷದಲ್ಲಿ ಮೂರು ರಾಜ್ಯದ ಬಾವುಟ. ಕೆಳಗೆ ಹೊಲ ಉಳೋ ಸ್ವೀಡಿಷ್ ರೈತರು ಮಾತ್ರ ಅಲ್ಲೇ ಇದ್ದರು. ಅವರು ಕಟ್ಟಿದ ಪುಟ್ಟ ಮನೆಯೊಂದು ನಮ್ಮ ಕಥೆಗೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

ಲೆನಾಪೆ ಜನ? ಮುಂದಿನ ನೂರು ವರ್ಷದಲ್ಲಿ ಒಪ್ಪಂದ, ಮೋಸ, ರೋಗ, ಯುದ್ಧ ಎಲ್ಲ ಸೇರಿ ಅವರನ್ನ ಪಶ್ಚಿಮಕ್ಕೆ ದಬ್ಬಿದವು. ಹೆಸರು ನೆಲದ ಮೇಲೆ ಉಳೀತು, ಹೆಸರಿಟ್ಟವರನ್ನ ಇರೋಕೆ ಬಿಡಲಿಲ್ಲ.

(3/9) ರೈತ ಜಾನ್

1728. ಜಾನ್ ಬಾರ್ಟ್ರಮ್ ಅನ್ನೋ 29 ವರ್ಷದ ರೈತ ಸರ್ಕಾರಿ ಹರಾಜಿನಲ್ಲಿ 102 ಎಕರೆ ಕೊಂಡ. ಹಿಂದಿನ ವರ್ಷವಷ್ಟೇ ಮೊದಲ ಹೆಂಡತಿ ತೀರಿಕೊಂಡಿದ್ದಳು. ಹೆಚ್ಚು ಶಾಲೆ ಓದಿದವನಲ್ಲ. ಕ್ವೇಕರ್ ಪಂಥದವನು, ಅಂದ್ರೆ ಸರಳವಾಗಿ ಬದುಕಬೇಕು, ಯುದ್ಧ ಬೇಡ ಅನ್ನೋ ಕ್ರೈಸ್ತರ ಗುಂಪಿನವನು.

ಜಾಗದಲ್ಲಿ ಆ ಸ್ವೀಡಿಷ್ ಮನೆ ಇತ್ತು. ಜಾನ್ ಅದನ್ನ ಕೆಡವಲಿಲ್ಲ. ಅದಕ್ಕೇ ಕಲ್ಲು ಸೇರಿಸ್ತಾ, ವರ್ಷಗಳ ಕಾಲ ತನ್ನ ಕೈಯಾರೆ ದೊಡ್ಡದು ಮಾಡಿದ. ಗೋಡೆಯ ಕಲ್ಲಿನಲ್ಲಿ 1731 ಅಂತ ವರ್ಷ ಕೆತ್ತಿದ. ಜೊತೆಗೆ ಬರೀ ತನ್ನ ಹೆಸರಲ್ಲ, ಎರಡನೇ ಹೆಂಡತಿ ಆ್ಯನ್ ಹೆಸರನ್ನೂ ಕೆತ್ತಿದ. ಮನೆ ಇವತ್ತಿಗೂ ನಿಂತಿದೆ.

ನದಿಗೆ ಹತ್ತಿರದ ಜೌಗಿಗೆ ಒಡ್ಡು ಹಾಕಿ, ಕಾಲುವೆ ತೋಡಿ, ನೀರು ಬಸಿದು ಹುಲ್ಲುಗದ್ದೆ ಮಾಡಿದ. ಮೇಲೆ ಗೋಧಿ, ಹಣ್ಣಿನ ಮರ, ದನಕರು. ದಂಡೆಯ ಬಂಡೆಯಲ್ಲೇ ಸೇಬು ಅರೆದು ರಸ ತೆಗೆಯೋಕೆ ಗುಂಡಗೆ ಕೊರೆದ ಕಾಲುವೆ ಈಗಲೂ ಕಾಣುತ್ತೆ (ಎರಡನೇ ಫೋಟೋ ನೋಡಿ). ಗಾಣ ನೋಡಿದವರಿಗೆ ಅದು ಏನು ಅಂತ ವಿವರಿಸಬೇಕಾಗಿಲ್ಲ.

ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಈ ತೋಟ ರಾಜನೊಬ್ಬ ವಿಹಾರಕ್ಕೆ ಅಂತ ಮಾಡಿಸಿದ್ದಲ್ಲ. ಹೊಟ್ಟೆಪಾಡಿನ ಹೊಲದ ಅಂಚಿನಲ್ಲಿ, ಹೊಲದ ಕೆಲಸ ಮುಗಿದ ಮೇಲೆ ಬೆಳೆದದ್ದು. ಮನೆಯಿಂದ ನದಿಗೆ ಇಳಿಯೋ ಇಳಿಜಾರಿನಲ್ಲಿ ಜಾನ್ ಮೊದಲು ಕೆಲವು ಎಕರೆಯಲ್ಲಿ ಗಿಡ ನೆಟ್ಟ. ಕಾಡಿಗೆ ಹೋದಾಗ ಕಂಡ ಹೊಸ ಗಿಡ ಕಿತ್ತು ತಂದು ಇಲ್ಲಿ ಊರಿ ನೋಡೋದು. ಬದುಕುತ್ತಾ? ಯಾವಾಗ ಹೂ ಬಿಡುತ್ತೆ? ಅದೇ ಅವನ ಶಾಲೆ.

(4/9) ಡೈಸಿ ಹೂವಿನ ಕಥೆ, ನಂಬಬೇಕಾ?

ಜಾನ್ ಸಸ್ಯಶಾಸ್ತ್ರಕ್ಕೆ ಬಂದದ್ದು ಹೇಗೆ ಅನ್ನೋದಕ್ಕೆ ಒಂದು ಪ್ರಸಿದ್ಧ ಕಥೆ ಇದೆ. ಒಂದು ದಿನ ಉಳ್ತಾ ಉಳ್ತಾ ದಣಿದು ಮರದ ನೆರಳಲ್ಲಿ ಕೂತನಂತೆ. ಕೈಗೆ ಒಂದು ಡೈಸಿ ಹೂ ಸಿಕ್ಕಿತಂತೆ. "ಇಷ್ಟು ವರ್ಷ ಇಂಥ ಎಷ್ಟು ಹೂವನ್ನ ನೇಗಿಲಿಂದ ಮಗುಚಿ ಹಾಕಿದೆ, ಒಂದನ್ನೂ ತಿಳ್ಕೊಳ್ಳಲಿಲ್ಲವಲ್ಲ" ಅಂತ ಅನಿಸಿ, ಪೇಟೆಗೆ ಹೋಗಿ ಪುಸ್ತಕ ಕೊಂಡು ಲ್ಯಾಟಿನ್ ಕಲಿಯೋಕೆ ಶುರು ಮಾಡಿದನಂತೆ.

ಚೆಂದದ ಕಥೆ. ಆದರೆ ಇದು ಬರೋದು ಕ್ರೆವ್‌ಕೂರ್ ಅನ್ನೋ ಲೇಖಕ 1782ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ. ಅಲ್ಲಿ ಒಬ್ಬ ರಷ್ಯನ್ ಪ್ರವಾಸಿ ತೋಟಕ್ಕೆ ಬಂದು ಜಾನ್ ಜೊತೆ ಮಾತಾಡಿದ ಹಾಗೆ ಬರೆದಿದೆ. ಆ ಪ್ರವಾಸಿ ಲೇಖಕ ಕಟ್ಟಿದ ಪಾತ್ರ. ಹೊತ್ತಿಗಾಗಲೇ ಜಾನ್ ತೀರಿಕೊಂಡು ಐದು ವರ್ಷ. ಹಾಗಾಗಿ ಇದನ್ನ ದಾಖಲೆ ಅಂತ ತಗೊಳ್ಳೋಕಾಗಲ್ಲ.

ದಾಖಲೆ ಹೇಳೋದು ಸ್ವಲ್ಪ ನಿಧಾನದ ಕಥೆ. ಫಿಲಡೆಲ್ಫಿಯಾದ ವಿದ್ವಾಂಸ ಜೇಮ್ಸ್ ಲೋಗನ್ ಅವನಿಗೆ ಪುಸ್ತಕ ಕೊಟ್ಟ. ಬೆಂಜಮಿನ್ ಫ್ರಾಂಕ್ಲಿನ್ ಗೆಳೆಯನಾದ. 1743ರಲ್ಲಿ ಅಮೆರಿಕನ್ ಫಿಲಾಸಫಿಕಲ್ ಸೊಸೈಟಿ ಹುಟ್ಟಿದಾಗ ಫ್ರಾಂಕ್ಲಿನ್ ಜೊತೆ ಈ ರೈತನೂ ಸ್ಥಾಪಕರಲ್ಲಿ ಒಬ್ಬ. ಒಂದೇ ದಿನದಲ್ಲಿ ಆಗಿದ್ದಲ್ಲ. ಪುಸ್ತಕ, ಗೆಳೆತನ, ಇಪ್ಪತ್ತು ವರ್ಷದ ಅಲೆದಾಟ.

ಫ್ರಾಂಕ್ಲಿನ್ ಗೆಳೆತನದಿಂದ ಬಂದ ಒಂದು ತಮಾಷೆ ಸಂಗತಿ: 1770ರ ಜನವರಿಯಲ್ಲಿ ಲಂಡನ್ನಿಂದ ಫ್ರಾಂಕ್ಲಿನ್ ಜಾನ್‌ಗೆ ಚೀನಾದ ಒಂದು ಕಾಳು ಕಳಿಸಿದ. ಇದರಿಂದ ಚೀನಾದಲ್ಲಿ ಒಂಥರಾ ಗಿಣ್ಣು ಮಾಡ್ತಾರೆ ಅಂತ ಕಾಗದದಲ್ಲಿ ಬರೆದ. ಆ ಕಾಳು ಸೋಯಾ. ಗಿಣ್ಣು ಅಂದದ್ದು ತೋಫು!

(5/9) ಪೆಟ್ಟಿಗೆಗಳು

ಈಗ ಲಂಡನ್ನಿಗೆ ಹೋಗೋಣ. ಅಲ್ಲಿ ಪೀಟರ್ ಕಾಲಿನ್ಸನ್ ಅನ್ನೋ ಬಟ್ಟೆ ವ್ಯಾಪಾರಿ, ಅವನೂ ಕ್ವೇಕರ್, ತೋಟದ ಹುಚ್ಚು. ಅಮೆರಿಕದ ಗಿಡಗಳ ಬೀಜ ಬೇಕು ಅಂತ ಹುಡುಕ್ತಿದ್ದವನಿಗೆ 1730ರ ದಶಕದ ಮೊದಲ ಭಾಗದಲ್ಲಿ ಜಾನ್‌ನ ಹೆಸರು ಸಿಕ್ಕಿತು. ಶುರುವಾದ ಕಾಗದ ವ್ಯವಹಾರ ಕಾಲಿನ್ಸನ್ ಸಾಯೋವರೆಗೆ, 1768ರವರೆಗೆ ನಡೀತು. ಮೂರು ದಶಕಕ್ಕೂ ಹೆಚ್ಚು. ಇಬ್ಬರೂ ಒಮ್ಮೆಯೂ ಮುಖಾಮುಖಿ ಆಗಲಿಲ್ಲ. ನಮ್ಮಲ್ಲಿ ಕೆಲವರಿಗೆ ಆನ್‌ಲೈನ್ ಗೆಳೆಯರಿದ್ದಾರಲ್ಲ, ಹಾಗೆ. ಒಂದು ಮೆಸೇಜಿಗೆ ಉತ್ತರ ಬರೋಕೆ ತಿಂಗಳುಗಟ್ಟಲೆ ಬೇಕಿತ್ತು ಅಷ್ಟೆ.

ಜಾನ್ ಶರತ್ಕಾಲದಲ್ಲಿ, ಬೆಳೆ ಕೊಯ್ಲು ಮುಗಿದ ಮೇಲೆ ಕುದುರೆ ಹತ್ತಿ ಹೊರಡೋನು. ಬೀಜ ಮಾಗೋದೂ ಆಗಲೇ. ಆರಿಸಿ ತಂದ ಬೀಜಗಳನ್ನ ಮರದ ಪೆಟ್ಟಿಗೆಯಲ್ಲಿ ತುಂಬಿ ಹಡಗು ಹತ್ತಿಸೋನು. ಒಂದು ಪೆಟ್ಟಿಗೆಯಲ್ಲಿ ಸುಮಾರು 100 ಬಗೆ ಬೀಜ. ಬೆಲೆ 5 ಗಿನಿ. ದಾರಿಯಲ್ಲಿ ಉಪ್ಪುನೀರು, ಇಲಿ, ಯುದ್ಧ ಬಂದರೆ ಶತ್ರು ಹಡಗು. ಆದರೂ ಹೋದವು. ಇಂಗ್ಲೆಂಡಿನ ಜಮೀನ್ದಾರರು ಹಣ ಕೊಟ್ಟು ಸಾಲಿನಲ್ಲಿ ನಿಂತು ಕೊಂಡರು.

ಇವತ್ತು ಇಂಗ್ಲೆಂಡಿನ ಹಳೇ ಉದ್ಯಾನಗಳಲ್ಲಿ ಕಾಣೋ ಅಮೆರಿಕದ ಮರಗಳಲ್ಲಿ ಎಷ್ಟೋ ಈ ಪೆಟ್ಟಿಗೆಗಳ ಮೂಲಕ ಹೋದಂಥವು. ಮ್ಯಾಗ್ನೋಲಿಯಾ, ರೋಡೊಡೆಂಡ್ರಾನ್, ಕಾಲ್ಮಿಯಾ... ಮ್ಯಾಗ್ನೋಲಿಯಾ ಅಂದ್ರೆ ದೂರದ್ದೇನಲ್ಲ, ನಮ್ಮ ಸಂಪಿಗೆಯ ಕುಲವೇ.

ಅಂದ್ರೆ "ಇಂಗ್ಲಿಷ್ ಉದ್ಯಾನ" ಅಂತ ನಾವು ಹೇಳೋದರ ಒಳ್ಳೇ ಪಾಲು ಸ್ಕೂಲ್‌ಕಿಲ್ ದಂಡೆಯ ಹೊಲದಲ್ಲಿ ಪ್ಯಾಕ್ ಆಗಿ ಹೋದದ್ದು. 1765ರಲ್ಲಿ ಮೂರನೇ ಜಾರ್ಜ್ ದೊರೆ ಜಾನ್‌ನನ್ನ ರಾಜರ ಸಸ್ಯತಜ್ಞ ಅಂತ ನೇಮಿಸಿದ. ಸಂಬಳ ವರ್ಷಕ್ಕೆ 50 ಪೌಂಡ್.

(6/9) ಕಳೆದುಹೋಗಲಿದ್ದ ಹೂ

ಆ ವರ್ಷವೇ 66 ವಯಸ್ಸಿನ ಜಾನ್ ಮಗ ವಿಲಿಯಂ ಜೊತೆ ದಕ್ಷಿಣಕ್ಕೆ ಹೊರಟ. ಅಕ್ಟೋಬರ್ 1ರಂದು ಜಾರ್ಜಿಯಾದ ಆಲ್ಟಮಾಹ ನದಿಯ ಹತ್ತಿರ ದಾರಿ ತಪ್ಪಿದಂತಾಗಿ ಅಲೆಯುವಾಗ ಎಂದೂ ನೋಡಿರದ ಒಂದು ಮರದ ತೋಪು ಕಂಡಿತು. ಹೂವಿನ ಕಾಲ ಮುಗಿದಿತ್ತು. ಬರ್ಕೊಂಡು ಮುಂದೆ ಹೋದರು.

ಎಂಟು ವರ್ಷದ ಮೇಲೆ, 1773ರಲ್ಲಿ, ವಿಲಿಯಂ ಒಬ್ಬನೇ ಮತ್ತೆ ದಕ್ಷಿಣಕ್ಕೆ ಹೋದ. ಸುಮಾರು ನಾಲ್ಕು ವರ್ಷ ಸುತ್ತಿದ. ಫ್ಲಾರಿಡಾದ ಸೆಮಿನೋಲ್ ಜನ ಅವನಿಗೆ ಪಕ್ ಪಗ್ಗಿ ಅಂತ ಹೆಸರಿಟ್ಟರು, ಹೂ ಬೇಟೆಗಾರ ಅಂತ. ಈ ಸುತ್ತಾಟದಲ್ಲಿ ಆ ತೋಪಿಗೆ ಮರಳಿ ಹೋದ, ಹೂ ನೋಡಿದ, ಬೀಜ ತಂದ. ಫಿಲಡೆಲ್ಫಿಯಾದ ಹೊಲದಲ್ಲಿ ಬಿತ್ತಿದ. 1781ರಲ್ಲಿ ಅಲ್ಲಿ ಹೂ ಬಿಟ್ಟಿತು. ಅಪ್ಪನ ಗೆಳೆಯನ ಹೆಸರನ್ನೇ ಇಟ್ಟರು: ಫ್ರಾಂಕ್ಲಿನಿಯಾ ಆಲ್ಟಮಾಹ.

ಆ ಹೂ ನೋಡೋಕೆ ಅಪ್ಪ ಇರಲಿಲ್ಲ. 1777ರ ಸೆಪ್ಟೆಂಬರ್ 22ರಂದು ತೀರಿಕೊಂಡಿದ್ದ. ನಾಲ್ಕು ದಿನದ ಮೇಲೆ ಬ್ರಿಟಿಷ್ ಸೇನೆ ಫಿಲಡೆಲ್ಫಿಯಾ ಪ್ರವೇಶಿಸಿತು. ತೋಟ ಮಾತ್ರ ಉಳೀತು.

ಆಲ್ಟಮಾಹ ದಂಡೆಯ ಆ ತೋಪು ಚಿಕ್ಕದು. ಬೇರೆಲ್ಲೂ ಆ ಮರ ಕಂಡಿರಲಿಲ್ಲ. 1803ರ ನಂತರ ಅಲ್ಲೂ ಕಾಣಲಿಲ್ಲ. ಯಾಕೆ ಅಳಿದುಹೋಯ್ತು? ಹತ್ತಿ ತೋಟಗಳಿಂದ ಬಂದ ರೋಗ ಅನ್ನೋರಿದ್ದಾರೆ, ಬೆಂಕಿ ಅಥವಾ ಪ್ರವಾಹ ಅನ್ನೋರಿದ್ದಾರೆ. ವಾದ ಮುಗಿದಿಲ್ಲ.

ಒಂದು ಕ್ಷಣ ಯೋಚಿಸಿ. ವಿಲಿಯಂ ಎರಡನೇ ಸಲ ಹೋಗದಿದ್ದರೆ? ಹೋದರೂ ಬೀಜ ಮಾಗೋ ಮೊದಲೇ ವಾಪಸ್ ಬಂದಿದ್ದರೆ? ಜೇಬಿನಲ್ಲಿ ಹಿಡಿಸೋವಷ್ಟು ಬೀಜದ ಮೇಲೆ ಒಂದು ಇಡೀ ಮರಜಾತಿ ನಿಂತಿತ್ತು.

(7/9) ಲೇಬಲ್ಲಿನಲ್ಲಿ ಬರೆಯದೇ ಇರೋದು

ಇಲ್ಲೀವರೆಗೂ ಓದಿ ಬಾರ್ಟ್ರಮ್ ಮನೆಯವರ ಮೇಲೆ ಪ್ರೀತಿ ಬಂದಿದ್ದರೆ ತಪ್ಪಿಲ್ಲ, ನನಗೂ ಬಂತು. ಆದರೆ ಇತಿಹಾಸ ಓದೋರು ಇನ್ನೊಂದು ಪುಟವನ್ನೂ ತಿರುಗಿಸಬೇಕು.

ಜಾನ್ 12 ವರ್ಷದವನಿದ್ದಾಗ ಅವನ ಅಪ್ಪ ಉತ್ತರ ಕೆರೊಲಿನಾದಲ್ಲಿ ಮೂಲನಿವಾಸಿಗಳ ದಾಳಿಯಲ್ಲಿ ಸತ್ತಿದ್ದ. ಆ ಗಾಯ ಅವನಲ್ಲಿ ಮಾಯಲೇ ಇಲ್ಲ. 1743ರಲ್ಲಿ ಅವರ ನಾಡಿನ ಒಳಗೆ ಒನಂಡಾಗದವರೆಗೆ ಹೋಗಿ, ಅವರ ಅತಿಥಿಯಾಗಿ ಇದ್ದು ಬಂದವನೇ, ಮುಂದೆ ಕಾಗದಗಳಲ್ಲಿ ಅವರನ್ನ ಬಲವಾಗಿ ಬಡಿದು ಬಗ್ಗಿಸಬೇಕು ಅನ್ನೋ ಧಾಟಿಯಲ್ಲಿ ಬರೆದ. ಯುದ್ಧ ಬೇಡ ಅನ್ನೋ ಪಂಥದವನ ಮಾತು ಇದು! (ಆ ಪಂಥವೂ 1758ರಲ್ಲಿ ಅವನನ್ನ ಹೊರಹಾಕಿತು. ಕಾರಣ ಬೇರೆ, ಯೇಸು ದೇವರು ಅನ್ನೋದನ್ನ ಅವನು ಒಪ್ಪಲಿಲ್ಲ. 1770ರಲ್ಲಿ ದೇವರು ಒಬ್ಬನೇ ಅನ್ನೋ ಅರ್ಥದ ಸಾಲನ್ನ ತನ್ನ ಮನೆಯ ಕಿಟಕಿ ಮೇಲೆ ಕೆತ್ತಿಸಿಯೇಬಿಟ್ಟ.)

ಇನ್ನು ಹೂ ಬೇಟೆಗಾರ ವಿಲಿಯಂ. 1766ರಲ್ಲಿ ಫ್ಲಾರಿಡಾದ ಸೇಂಟ್ ಜಾನ್ಸ್ ನದಿ ದಂಡೆಯಲ್ಲಿ ಭತ್ತ, ನೀಲಿ ಬೆಳೆಯೋಕೆ ಹೋದ. ಆ ಜಮೀನಿನಲ್ಲಿ ದುಡಿಸೋಕೆ ಅಪ್ಪನ ಹಣದಲ್ಲಿ ಗುಲಾಮರನ್ನ ಕೊಳ್ಳಲಾಗಿತ್ತು. ಬೇಸಾಯ ಕೈಹತ್ತಲಿಲ್ಲ, ವಿಲಿಯಂ ವಾಪಸ್ ಬಂದ. ಅವನ ಸೋಲಿನ ಬಗ್ಗೆ ಪುಸ್ತಕಗಳಲ್ಲಿ ಪುಟಗಳಿವೆ. ಆ ದುಡಿದ ಜನರ ಬಗ್ಗೆ ಸಾಲುಗಳು ಮಾತ್ರ.

ಫಿಲಡೆಲ್ಫಿಯಾದ ತೋಟದಲ್ಲಿ ಹಾರ್ವೆ ಅನ್ನೋ ಬಿಡುಗಡೆಯಾದ ಕಪ್ಪು ಕೆಲಸಗಾರನ ಸಮಾಧಿ ಇದೆ ಅನ್ನೋ ಮಾತು ತಲೆಮಾರಿನಿಂದ ಬಂದಿದೆ. ಮನೆಯವರ ಕರುಣೆಗೆ ಸಾಕ್ಷಿಯಾಗಿ ಆ ಕಥೆಯನ್ನ ಹೇಳ್ತಿದ್ದರು. ಹಾರ್ವೆ ತಾನೇ ಏನು ಹೇಳಿರಬಹುದು ಅನ್ನೋದನ್ನ ಯಾರೂ ಬರೆದಿಡಲಿಲ್ಲ.

ಮರದ ಬೀಜವನ್ನ ಅಷ್ಟು ಜೋಪಾನ ಮಾಡಿದ ಕೈಗಳು ಜನರ ಮಾತನ್ನ ಜೋಪಾನ ಮಾಡಲಿಲ್ಲ. ಈ ತೋಟದ ಕಥೆಯಲ್ಲಿ ನನ್ನನ್ನ ಹೆಚ್ಚು ಕಾಡಿದ್ದು ಇದೇ.

(8/9) ರೈಲು ಸಾಹುಕಾರ ಉಳಿಸಿದ

1787ರ ಬೇಸಿಗೆ. ಅಮೆರಿಕದ ಸಂವಿಧಾನ ಬರೆಯೋಕೆ ನಾಯಕರೆಲ್ಲ ಫಿಲಡೆಲ್ಫಿಯಾದಲ್ಲಿ ಸೇರಿದ್ದರು. ಜೂನ್ 10ರಂದು ಜಾರ್ಜ್ ವಾಷಿಂಗ್ಟನ್ ತೋಟ ನೋಡೋಕೆ ಬಂದ. ಡೈರಿಯಲ್ಲಿ ಬರೆದದ್ದರ ಸಾರ: ಅಪರೂಪದ ಗಿಡಗಳು ಬಹಳ ಇವೆ, ಆದರೆ ತೋಟ ದೊಡ್ಡದೂ ಅಲ್ಲ, ಅಚ್ಚುಕಟ್ಟಾಗಿಯೂ ಇಲ್ಲ! ಬೀಜ ಮಾರೋ ರೈತರ ಜಾಗದಲ್ಲಿ ಅಚ್ಚುಕಟ್ಟು ಎಲ್ಲಿಂದ ಬರಬೇಕು, ಹೇಳಿ.

ಆ ಹೊತ್ತಿಗೆ ತೋಟ ನಡೆಸ್ತಿದ್ದದ್ದು ಇನ್ನೊಬ್ಬ ಮಗ, ಕಿರಿಯ ಜಾನ್. 1783ರಲ್ಲೇ ಮಾರಾಟದ ಗಿಡಗಳ ಪಟ್ಟಿಯನ್ನ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿದ್ದರು. ಮುಂದೆ ಅವನ ಮಗಳು ಆ್ಯನ್ ಮತ್ತು ಗಂಡ ರಾಬರ್ಟ್ ಕಾರ್ ನಡೆಸಿದರು. ಮೂರು ತಲೆಮಾರು. ಆಮೇಲೆ ಸಾಲ. 1850ರಲ್ಲಿ ಮಾರಬೇಕಾಯ್ತು.

ಕೊಂಡವನು ಆಂಡ್ರೂ ಈಸ್ಟ್‌ವಿಕ್. ರಷ್ಯಾದ ಜಾರ್‌ಗೆ ರೈಲು ಎಂಜಿನ್ ಕಟ್ಟಿಕೊಟ್ಟು ದುಡ್ಡು ಮಾಡಿದವನು. ಆ ಕಾಲದಲ್ಲಿ ನದಿದಂಡೆ ಕಾರ್ಖಾನೆಗಳಿಂದ ತುಂಬ್ತಾ ಇತ್ತು. ಇವನೂ ಮರ ಕಡಿದು ಲಾಭ ಮಾಡ್ಕೋಬಹುದಿತ್ತು. ಮಾಡಲಿಲ್ಲ. ತನ್ನ ಬಂಗಲೆಯನ್ನ ಹಳೇ ತೋಟದ ಆಚೆ ಕಟ್ಟಿಸಿದ, ಬಾರ್ಟ್ರಮ್‌ನ ಮನೆ, ಮರ ಎರಡನ್ನೂ ಮುಟ್ಟಲಿಲ್ಲ. ಆ ಬಂಗಲೆ ಮುಂದೆ ಬೆಂಕಿಗೆ ಆಹುತಿಯಾಯ್ತು. ಹಳೇ ಮನೆ ಉಳೀತು.

1879ರಲ್ಲಿ ಈಸ್ಟ್‌ವಿಕ್ ಸತ್ತ ಮೇಲೆ ಮತ್ತೆ ಅದೇ ಭಯ. ಆಗ ಎದ್ದು ನಿಂತದ್ದು ಥಾಮಸ್ ಮೀಹನ್. ಯುವಕನಾಗಿದ್ದಾಗ ಈಸ್ಟ್‌ವಿಕ್ ಹತ್ತಿರ ಇದೇ ತೋಟದ ಮಾಲಿ. ಆಮೇಲೆ ಸ್ವಂತ ನರ್ಸರಿ ಮಾಡಿ, ಪತ್ರಿಕೆ ನಡೆಸಿ, ನಗರಸಭೆಯ ಸದಸ್ಯನಾದ. ದಟ್ಟ ಬಡಾವಣೆಗಳ ಜನರಿಗೆ ಉಸಿರಾಡೋಕೆ ಸಣ್ಣ ಸಣ್ಣ ಉದ್ಯಾನ ಬೇಕು ಅಂತ ಹಟ ಹಿಡಿದ. 1891ರಲ್ಲಿ ತೋಟ ಫಿಲಡೆಲ್ಫಿಯಾ ನಗರದ ಸ್ವತ್ತಾಯ್ತು. ಎರಡು ವರ್ಷದ ಮೇಲೆ ಜಾನ್ ಬಾರ್ಟ್ರಮ್ ಅಸೋಸಿಯೇಷನ್ ಹುಟ್ಟಿತು. ಈಗಲೂ ನಗರದ ಜೊತೆ ಸೇರಿ ನೋಡ್ಕೊಳ್ಳೋದು ಅದೇ ಸಂಸ್ಥೆ.

ಹೊಲ ತಾನಾಗಿ ಉದ್ಯಾನ ಆಗಲ್ಲ. ಸಾಲ ಬಂದಾಗ, ಯಜಮಾನ ಸತ್ತಾಗ, ಪಕ್ಕದಲ್ಲಿ ಕಾರ್ಖಾನೆ ಎದ್ದಾಗ, ಪ್ರತಿ ಸಲವೂ ಯಾರಾದರೂ ಒಬ್ಬರು ಬೇಡ ಅನ್ನಬೇಕು. ಇಲ್ಲಿ ಹಾಗೆ ಅಂದವರಲ್ಲಿ ಒಬ್ಬ ಸಾಹುಕಾರ, ಒಬ್ಬ ಮಾಲಿ.

(9/9) ಮತ್ತೆ ಹೊಲ

ತೋಟ ಉಳೀತು, ನದಿ ಉಳೀಲಿಲ್ಲ. ನೂರೈವತ್ತು ವರ್ಷ ಕೆಳ ಸ್ಕೂಲ್‌ಕಿಲ್ ದಂಡೆ ಅಂದ್ರೆ ಎಣ್ಣೆ ಟ್ಯಾಂಕು, ರೈಲು ಹಳಿ, ಗುಜರಿ. ತೋಟದ ಸುತ್ತಲಿನ ಬಡಾವಣೆಗಳಲ್ಲಿ ಹೆಚ್ಚಿನವರು ಕಪ್ಪು ಜನ, ದುಡಿಯೋ ಜನ. ನದಿ ಪಕ್ಕದಲ್ಲೇ ಇದ್ದರೂ ನೀರಿಗೆ ಇಳಿಯೋಕೆ ದಾರಿ ಇರಲಿಲ್ಲ. 2019ರ ಜೂನ್ 21ರ ಬೆಳಗಿನ ಜಾವ ಅದೇ ನದಿಯ ಕೆಳಗಿನ ಭಾಗದ ದೊಡ್ಡ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟ ಆಯ್ತು. ಆ ವರ್ಷವೇ ಅದು ಮುಚ್ಚಿತು.

ಇವತ್ತು ತೋಟ ಸುಮಾರು 50 ಎಕರೆ. ಉತ್ತರ ಅಮೆರಿಕದಲ್ಲೇ ಅತಿ ಹಳೇದು ಅಂತ ಹೇಳೋ ಗಿಂಕೋ ಮರ ಅಲ್ಲಿದೆ. ನದಿಗುಂಟ ನಡೆಯೋಕೆ, ಸೈಕಲ್ ಹೊಡೆಯೋಕೆ ದಾರಿ ಇದೆ. ದೋಣಿ ಋತುವಿನಲ್ಲಿ ಶನಿವಾರ ಹೋದರೆ ಪುಕ್ಕಟೆ ದೋಣಿ ಕೊಡ್ತಾರೆ, ಹುಟ್ಟು ಹಾಕ್ಕೊಂಡು ಹೋಗಿಬರಬಹುದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೊನೇ ಫೋಟೋದಲ್ಲಿದೆ. ತೋಟದ ಒಂದು ಬದಿಯಲ್ಲಿ ಕೆಲವು ಎಕರೆ ತರಕಾರಿ ಹೊಲ. ಹೆಸರು ಸಂಕೋಫಾ ಕಮ್ಯುನಿಟಿ ಫಾರ್ಮ್. ಸಂಕೋಫಾ ಅನ್ನೋದು ಘಾನಾದ ಅಕಾನ್ ಜನರ ಮಾತು. ಹಿಂದೆ ಬಿಟ್ಟು ಬಂದದ್ದನ್ನ ಹೋಗಿ ತಗೊಂಡು ಬಾ ಅನ್ನೋ ಅರ್ಥ. ಗುರುತು: ಮುಂದೆ ಹೆಜ್ಜೆ ಇಟ್ಟು, ಕತ್ತು ಹಿಂದೆ ತಿರುಗಿಸಿರೋ ಹಕ್ಕಿ. ಸುತ್ತಲಿನ ಬಡಾವಣೆಯ ಹೈಸ್ಕೂಲ್ ಮಕ್ಕಳು, ಅಂದ್ರೆ ಹೆಚ್ಚುಕಡಿಮೆ ನಮ್ಮ ವಯಸ್ಸಿನವರು, ಅಲ್ಲಿ ದುಡೀತಾರೆ. ಗುಲಾಮರ ಹಡಗಿನ ಜೊತೆ ಆಫ್ರಿಕಾದಿಂದ ಅಮೆರಿಕಕ್ಕೆ ಬಂದ ಬೆಳೆಗಳಲ್ಲಿ ಬೆಂಡೆ, ಅಲಸಂದೆ ಕೂಡ ಇವೆ. ಅಂಥ ಬೆಳೆಗಳ ಕಥೆಯನ್ನ ಮಣ್ಣಿನ ಜೊತೆಗೇ ಕಲಿಯೋದು ಈ ಹೊಲದ ಉದ್ದೇಶ.

ಮೊದಲ ಫೋಟೋಗೆ ವಾಪಸ್ ಹೋಗಿ. ಫ್ರಾಂಕ್ಲಿನಿಯಾ ಉಳಿದದ್ದು ಅದು ಗಟ್ಟಿ ಮರ ಅಂತಲ್ಲ. ಒಬ್ಬ ಹೋಗಿ ಬೀಜ ತಂದ, ಇನ್ನೊಬ್ಬರು ನೀರು ಹಾಕಿದರು, ಮತ್ತೊಬ್ಬ ಕಡಿಯಲಿಲ್ಲ. ಲೆನಾಪೆ ಜನರ ವಿಷಯದಲ್ಲಿ, ಹಾರ್ವೆ ವಿಷಯದಲ್ಲಿ ಆ ಕೆಲಸ ಯಾರೂ ಮಾಡಲಿಲ್ಲ. ಈಗ ಆ ಹೊಲದ ಮಕ್ಕಳು ತಡವಾಗಿಯಾದರೂ ಅದೇ ಕೆಲಸ ಮಾಡ್ತಿದ್ದಾರೆ, ತಮ್ಮವರು ತಂದ ಬೀಜವನ್ನ ಹುಡುಕಿ ತಂದು ಬಿತ್ತುತ್ತಾ. ಮುನ್ನೂರು ವರ್ಷದ ಹಿಂದೆ ಜಾನ್ ಉತ್ತ ಹೊಲದಲ್ಲೇ.

ನಿಮ್ಮೂರಿನ ಹೊಳೆದಂಡೆಯಲ್ಲಿ ಪಾರ್ಕ್ ಇದ್ದರೆ, ಅದಕ್ಕೂ ಮೊದಲು ಅಲ್ಲಿ ಯಾರು ಏನು ಬೆಳೀತಿದ್ದರು ಅಂತ ಮನೆಯ ಹಿರಿಯರನ್ನ ಕೇಳಿ. ಗೊತ್ತಾದದ್ದನ್ನ ಕೆಳಗೆ ಬರೀರಿ, ಎಲ್ಲರೂ ಓದೋಣ.

#ಇತಿಹಾಸ #ಹೊಳೆದಂಡೆ #ಫ್ರಾಂಕ್ಲಿನಿಯಾ #ತೋಟದಕಥೆ #ಕನ್ನಡ